ಇಳಿಯುವ ಜಾಗ ಮೊದಲು, ಬೋಟ್ ಆಮೇಲೆ: ವೈಕಂನಿಂದ ಕೊಲ್ಲಂವರೆಗೆ ಹಿನ್ನೀರು-ಕಾಲುವೆ ಯಾನದ ಸಮಗ್ರ ಮಾರ್ಗದರ್ಶಿ

ಅಲೆಪ್ಪಿ ಟ್ರಿಪ್ ಅಂದ ಕೂಡಲೇ ನಮ್ಮವರ ಬಾಯಿಂದ ಬರುವ ಮೊದಲ ಪ್ರಶ್ನೆ, ‘ಹೌಸ್‌ಬೋಟ್‌ಗೆ ಎಷ್ಟಾಗುತ್ತೆ?’ ಅದನ್ನು ಎರಡನೇ ಪ್ರಶ್ನೆಯಾಗಿ ಇಟ್ಟುಕೊಳ್ಳಿ. ಎಲ್ಲೆಲ್ಲಿ ಇಳಿಯಬೇಕು ಅನ್ನುವುದು ಮೊದಲು ತೀರ್ಮಾನವಾಗಲಿ. ಎಡ ಅರ್ಧ ಇಲ್ಲದ ಬುದ್ಧ, ಗಾಂಧೀಜಿ ಬಂದಿಳಿದ ಜೆಟ್ಟಿ, ಮಲಯಾಳಂ ಮಹಾಕವಿ ಜೀವ ಬಿಟ್ಟ ಹೊಳೆ, ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಗದ್ದೆ, ಇವೆಲ್ಲ ಕೇರಳದ ವೇಂಬನಾಡ್ ಸರೋವರ ಮತ್ತು ಅದಕ್ಕೆ ಹೆಣೆದುಕೊಂಡ ಕಾಲುವೆಗಳ ಅಂಚಿನಲ್ಲೇ ಇವೆ. ಮಾಮೂಲಿ ಹೌಸ್‌ಬೋಟ್ ಪ್ಯಾಕೇಜಿನಲ್ಲಿ ಇವುಗಳ ಪೈಕಿ ಒಂದೆರಡು ದೂರದಿಂದ ಕಂಡರೆ ಪುಣ್ಯ.

ಲೆಕ್ಕ ನೋಡಿ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿಸಿಕೊಂಡು ಮರುದಿನ ಬೆಳಗ್ಗೆ ಒಂಬತ್ತಕ್ಕೆ ಇಳಿಸುವುದು ಅಲ್ಲಿನ ರೂಢಿ. ಜಾಹೀರಾತಿನಲ್ಲಿ ಅದು 21 ಗಂಟೆ. ಆದರೆ ಸಂಜೆ ಐದೂವರೆ ಸುಮಾರಿಗೆ ಬೋಟ್ ದಡಕ್ಕೆ ಕಟ್ಟಲೇಬೇಕು, ಕತ್ತಲಾದ ಮೇಲೆ ನೀರು ಮೀನುಗಾರರ ಬಲೆಗೆ ಮೀಸಲು. ಊಟಕ್ಕೆ ನಿಲ್ಲಿಸುವ ಹೊತ್ತನ್ನೂ ಕಳೆದರೆ ನಿಜವಾಗಿ ಸಾಗುವುದು ನಾಲ್ಕೈದು ಗಂಟೆ. ಉಳಿದದ್ದು ತೇಲುವ ಹೋಟೆಲ್ ರೂಮಿನ ಬಾಡಿಗೆ. ಅದನ್ನು ಬೇಡ ಅನ್ನುವುದಿಲ್ಲ, ಒಂದು ರಾತ್ರಿ ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನೇ ಯಾನ ಅಂದುಕೊಂಡು ಬಂದರೆ ನಿರಾಸೆ ಖಂಡಿತ.

ಹಂತ 1: ನೀರಿನ ನಕ್ಷೆಯನ್ನು ಮೂರು ತುಂಡು ಮಾಡಿ

ವೇಂಬನಾಡ್ ಉದ್ದುದ್ದ ಚಾಚಿದ ಸರೋವರ. ಕೊಟ್ಟಪುರಂನಿಂದ ಕೊಲ್ಲಂವರೆಗಿನ ಪಶ್ಚಿಮ ಕರಾವಳಿ ಕಾಲುವೆಯನ್ನು 1993ರಲ್ಲಿ ರಾಷ್ಟ್ರೀಯ ಜಲಮಾರ್ಗ 3 ಎಂದು ಘೋಷಿಸಿದರು. ಪ್ರವಾಸಿಗೆ ಬೇಕಾದ ಭಾಗ ಮೂರು.

ಉತ್ತರದ ತುಂಡು: ವೈಕಂ, ತಣ್ಣೀರ್‌ಮುಕ್ಕಂ, ಪಾದಿರಾಮಣಲ್, ಕುಮರಕಂ. ವಿಶಾಲ ನೀರು, ಹಕ್ಕಿಗಳು, ಒಂದು ದೊಡ್ಡ ಚಳವಳಿಯ ನೆಲ. ನಡುವಿನ ತುಂಡು: ಆಲಪ್ಪುಳ (ಅಲೆಪ್ಪಿ) ಪಟ್ಟಣ ಮತ್ತು ಕುಟ್ಟನಾಡು. ಗದ್ದೆ, ಚರ್ಚು, ದೋಣಿ ಸ್ಪರ್ಧೆ. ದಕ್ಷಿಣದ ತುಂಡು: ಆಲಪ್ಪುಳದಿಂದ ಕೊಲ್ಲಂ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಊರು, ನಡುವೆ ಕಾಲುವೆ.

ಎರಡು ದಿನ ಇದ್ದರೆ ನಡುವಿನದು ಮತ್ತು ಇನ್ನೊಂದು. ಮೂರು ದಿನಕ್ಕಿಂತ ಕಡಿಮೆ ಇಟ್ಟುಕೊಂಡು ಮೂರನ್ನೂ ಮುಗಿಸಲು ಹೋಗಬೇಡಿ. ನೀರಿನ ಮೇಲೆ ಅವಸರ ನಡೆಯುವುದಿಲ್ಲ.

ಹಂತ 2: ತಿಂಗಳು ಆರಿಸುವಾಗ ನೀರನ್ನೂ ನೋಡಿ

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಹವೆಯ ಮಟ್ಟಿಗೆ ಅದು ಸರಿ. ನೀರಿನ ವಿಷಯ ಬೇರೆ. 1976ರಿಂದ ಕೆಲಸ ಮಾಡುತ್ತಿರುವ ತಣ್ಣೀರ್‌ಮುಕ್ಕಂ ಒಡ್ಡು ಸರೋವರವನ್ನು ಅಡ್ಡಕ್ಕೆ ಸೀಳಿ ನಿಂತಿದೆ. ಬೇಸಗೆಯಲ್ಲಿ ಕಡಲಿನ ಉಪ್ಪುನೀರು ಕುಟ್ಟನಾಡಿನ ಗದ್ದೆಗೆ ನುಗ್ಗದಂತೆ ಡಿಸೆಂಬರ್ ಸುಮಾರಿಗೆ ಅದರ ಬಾಗಿಲುಗಳನ್ನು ಮುಚ್ಚುತ್ತಾರೆ, ಬೇಸಗೆ ಕಳೆಯುತ್ತಾ ತೆರೆಯುತ್ತಾರೆ. ಮುಚ್ಚಿದಾಗ ಒಳಗಿನ ನೀರು ಹರಿಯದೆ ನಿಲ್ಲುತ್ತದೆ, ಅಲ್ಲಿನವರು ಪೋಳ ಎನ್ನುವ ಜಲಕಳೆ ಹಾಸಿಕೊಳ್ಳುತ್ತದೆ. ಸಣ್ಣ ತೋಡುಗಳಲ್ಲಿ, ಅಂದರೆ ಕಿರುಗಾಲುವೆಗಳಲ್ಲಿ, ಬೋಟಿನ ಪ್ರೊಪೆಲ್ಲರ್‌ಗೆ ಅದು ಸುತ್ತಿಕೊಂಡು ಡ್ರೈವರ್ ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಬಿಡಿಸಬೇಕಾಗುತ್ತದೆ. ರೈತನಿಗೆ ಒಡ್ಡು ಬೇಕು, ಮೀನುಗಾರನಿಗೆ ಬೇಡ, ಈ ಜಗಳ ಒಡ್ಡಿನಷ್ಟೇ ಹಳೆಯದು.

ನನ್ನ ಆಯ್ಕೆ ಅಕ್ಟೋಬರ್ ಕೊನೆ ಅಥವಾ ನವೆಂಬರ್. ಮಳೆ ಇಳಿದಿರುತ್ತದೆ, ಬಾಗಿಲು ತೆರೆದಿರುತ್ತದೆ, ವಲಸೆ ಹಕ್ಕಿಗಳು ಬರತೊಡಗಿರುತ್ತವೆ, ಕ್ರಿಸ್‌ಮಸ್ ರಜೆಯ ದರ ಇನ್ನೂ ಏರಿರುವುದಿಲ್ಲ. ದೋಣಿ ಸ್ಪರ್ಧೆಗೆಂದೇ ಬರುವವರು ಮಳೆಗಾಲದಲ್ಲೇ ಬರಬೇಕು. ಚಂಬಕ್ಕುಳಂ ಮೂಲಂ ಸ್ಪರ್ಧೆ ಮಿಥುನ ಮಾಸದ ಮೂಲಾ ನಕ್ಷತ್ರದ ದಿನ, ಪುನ್ನಮಡ ಕೆರೆಯ ನೆಹರು ಟ್ರೋಫಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ. ಆ ವರ್ಷದ ತಾರೀಖು ಖಚಿತವಾದ ಮೇಲೆ ರೂಮ್ ಬುಕ್ ಮಾಡಿ.

ಹಂತ 3: ನೀರಿನ ಅಗಲಕ್ಕೆ ತಕ್ಕ ಬೋಟ್

ಕೆಟ್ಟುವಳ್ಳಂ, ಅಂದರೆ ಹೌಸ್‌ಬೋಟ್. ಮೂಲದಲ್ಲಿ ಇದು ಕುಟ್ಟನಾಡಿನ ಅಕ್ಕಿ ಸಾಗಿಸುತ್ತಿದ್ದ ಸರಕು ದೋಣಿ. ಆಂಜಿಲಿ ಮರದ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೇರು ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಬಳಿಯುತ್ತಿದ್ದರು. ಹತ್ತುವಾಗ ಒಡಲಿನ ಹೊರಮೈ ಗಮನಿಸಿ, ಹಳೆಯ ಕ್ರಮದಲ್ಲಿ ಕಟ್ಟಿದ್ದರೆ ಹಲಗೆ ಸೇರುವಲ್ಲಿ ಹಗ್ಗದ ಹೊಲಿಗೆ ಸಾಲಾಗಿ ಕಾಣುತ್ತದೆ. ಇದು ಅಗಲ ನೀರಿನ ಬೋಟ್, ಕಿರು ಕಾಲುವೆಗೆ ನುಗ್ಗುವುದಿಲ್ಲ.

ಶಿಕಾರ: ಮೋಟಾರಿನ ಸಣ್ಣ ದೋಣಿ, ಗಂಟೆ ಲೆಕ್ಕದಲ್ಲಿ ಬಾಡಿಗೆ. ನಡುವಿನ ತುಂಡಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕಿರುದೋಣಿ: ಗಳುವಿನಿಂದ ತಳ್ಳುವುದು, ಮನೆಗಳ ಹಿತ್ತಿಲ ತೋಡುಗಳಿಗೆ ಇದೇ ಬೇಕು.

ಸರ್ಕಾರಿ ಬೋಟ್: ಕೇರಳ ರಾಜ್ಯ ಜಲಸಾರಿಗೆ ಇಲಾಖೆಯದು, ಮುಖ್ಯ ಕಚೇರಿ ಆಲಪ್ಪುಳದಲ್ಲೇ. ನಮ್ಮ ಸಿಟಿ ಬಸ್ಸಿನ ಹಾಗೆ ಜೆಟ್ಟಿಯಿಂದ ಜೆಟ್ಟಿಗೆ ನಿಂತು ಹೋಗುತ್ತದೆ, ಟಿಕೆಟ್ ಕೂಡ ಹೆಚ್ಚುಕಡಿಮೆ ಅದೇ ದರದಲ್ಲಿ. ಶಾಲೆ ಮಕ್ಕಳು, ಮೀನಿನ ಬುಟ್ಟಿ, ಗ್ಯಾಸ್ ಸಿಲಿಂಡರ್ ಎಲ್ಲ ಅದರಲ್ಲೇ. ನೆಡುಮುಡಿ, ಕಾವಾಲಂ, ಪುಳಿಂಕುನ್ನು, ಕೈನಕರಿ ಕಡೆಗೆಲ್ಲ ಹೋಗುತ್ತದೆ. ದುಡ್ಡು ಉಳಿಸಲು ಮಾತ್ರ ಇದನ್ನು ಹೇಳುತ್ತಿಲ್ಲ. ಕುಟ್ಟನಾಡಿನ ಜನ ನೀರಿನ ಮೇಲೆ ಹೇಗೆ ಬದುಕುತ್ತಾರೆ ಅನ್ನುವುದು ಕಾಣುವುದು ಈ ಬೋಟಿನ ಬೆಂಚಿನ ಮೇಲೆ ಕೂತಾಗ.

ಹಂತ 4: ಕರ್ನಾಟಕದಿಂದ ಸರಿಯಾದ ರೈಲು ಹಿಡಿಯಿರಿ

ಮಂಗಳೂರಿನವರಿಗೆ ಸುಲಭ: ಸಂಜೆ ಹೊರಡುವ ಮಾವೇಲಿ ಎಕ್ಸ್‌ಪ್ರೆಸ್ ಆಲಪ್ಪುಳ ಮಾರ್ಗದಲ್ಲೇ ಹೋಗಿ ಬೆಳಗಿನ ಜಾವ ಇಳಿಸುತ್ತದೆ. ಕಾರವಾರ, ಉಡುಪಿ ಕಡೆಯವರಿಗೆ ನೇತ್ರಾವತಿ ಎಕ್ಸ್‌ಪ್ರೆಸ್ ಇದೆ.

ಬೆಂಗಳೂರಿನಿಂದ ಐಲೆಂಡ್ ಎಕ್ಸ್‌ಪ್ರೆಸ್ ಹತ್ತಿದರೆ ಅದು ಕೋಟ್ಟಯಂ ಮೇಲೆ ಹೋಗುತ್ತದೆ. ಎರ್ನಾಕುಲಂನಲ್ಲಿ ಇಳಿದು ಟ್ಯಾಕ್ಸಿ ಹಿಡಿಯುವವರೇ ಹೆಚ್ಚು. ಕೋಟ್ಟಯಂವರೆಗೆ ಹೋಗಿ ಕೋಡಿಮತ ಜೆಟ್ಟಿಯಿಂದ ಸರ್ಕಾರಿ ಬೋಟ್ ಹಿಡಿಯಿರಿ ಅನ್ನುವುದು ನನ್ನ ಸಲಹೆ. ಎರಡೂವರೆ ಗಂಟೆ ಸುಮಾರಿನ ಹಾದಿ, ಮೊದಲು ಕಿರಿದಾದ ತೋಡು, ಆಮೇಲೆ ಒಮ್ಮೆಲೇ ವೇಂಬನಾಡ್ ಬಾಯಿ ತೆರೆಯುತ್ತದೆ. ತೋಡಿನ ಮೇಲೆ ಎತ್ತುವ ಕಾಲ್ಸೇತುವೆಗಳಿವೆ. ಬೋಟ್ ಹಾರ್ನ್ ಹೊಡೆದಾಗ ದಡದಲ್ಲಿದ್ದವರು ಹಗ್ಗ ಎಳೆದು ಸೇತುವೆ ಎತ್ತುತ್ತಾರೆ, ಬೋಟ್ ದಾಟಿದ ಮೇಲೆ ಇಳಿಸುತ್ತಾರೆ. ಆ ಸೇತುವೆ ಕೆಟ್ಟರೆ ಅಥವಾ ಪೋಳ ಕಟ್ಟಿಕೊಂಡರೆ ಬೋಟ್ ಕೋಡಿಮತದ ಬದಲು ಕಾಂಜಿರಂನಿಂದ ಹೊರಡುತ್ತದೆ, ಸ್ಟೇಷನ್ನಿನಲ್ಲಿ ಆಟೋ ಹತ್ತುವ ಮುಂಚೆ ಕೇಳಿಕೊಳ್ಳಿ. ನಿಮ್ಮ ದುಡ್ಡಿಗೆ ಇಡೀ ಪ್ರವಾಸದ ಅತಿ ಲಾಭದ ಟಿಕೆಟ್ ಇದೇ ಇರಬಹುದು.

ಹಂತ 5: ಬೋಟಿನವರ ಹತ್ತಿರ ಮಾತು ಕಟ್ಟಿಕೊಳ್ಳುವುದು

ಆಲಪ್ಪುಳ ಸ್ಟೇಷನ್ ಹೊರಗೆ ಕೈಹಿಡಿಯುವ ಏಜೆಂಟರನ್ನು ದಾಟಿ ನೇರ ಜೆಟ್ಟಿಗೆ ಹೋಗಿ. ಸರ್ಕಾರಿ ಜೆಟ್ಟಿ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದ ಪಕ್ಕದಲ್ಲೇ ಇದೆ. ಕಣ್ಣಾರೆ ನೋಡದೆ ಹೌಸ್‌ಬೋಟಿಗೆ ಪೂರ್ತಿ ಹಣ ಕೊಡಬೇಡಿ. ‘ಎಲ್ಲಾ ಕಡೆ ತೋರಿಸ್ತೀವಿ ಸಾರ್’ ಅನ್ನುವ ಮಾತಿಗೆ ಅರ್ಥವಿಲ್ಲ. ನೀವು ಇಳಿಯಬೇಕಾದ ಜಾಗಗಳ ಹೆಸರು ಬರೆದು ವಾಟ್ಸಾಪ್ ಮಾಡಿ, ‘ಇಷ್ಟು ಜಾಗ, ಒಂದೊಂದರಲ್ಲಿ ಇಷ್ಟು ಹೊತ್ತು’ ಎಂದು ಒಪ್ಪಿಗೆ ಪಡೆಯಿರಿ. ಎಸಿ ರಾತ್ರಿ ಮಾತ್ರವೋ ಇಡೀ ದಿನವೋ, ಕೇಳಿ. ಹೆಚ್ಚಿನ ಕಡೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮಾತ್ರ. ಸಸ್ಯಾಹಾರಿಗಳು ಮೊದಲೇ ಒತ್ತಿ ಹೇಳಬೇಕು, ಕರಿಮೀನು ಅಲ್ಲಿ ಊಟದ ಅವಿಭಾಜ್ಯ ಅಂಗ. ರಾತ್ರಿ ಎಲ್ಲಿ ಕಟ್ಟುತ್ತಾರೆ ಅನ್ನುವುದೂ ಮುಖ್ಯ. ಹತ್ತಾರು ಬೋಟುಗಳ ನಡುವೆ ಕಟ್ಟಿದರೆ ರಾತ್ರಿಯಿಡೀ ಪಕ್ಕದವರ ಜನರೇಟರ್ ಮತ್ತು ಹಾಡು ಕೇಳಬೇಕಾಗುತ್ತದೆ.

ಲೈಫ್ ಜಾಕೆಟ್ ತಲೆಗೊಂದು ಇದೆಯೇ ಎಂದು ಎಣಿಸಿ. 2002ರ ಜುಲೈ 27ರಂದು ಮುಹಮ್ಮ ಎಂಬ ಊರಿನಿಂದ ಕುಮರಕಂಗೆ ಹೊರಟಿದ್ದ ಬೋಟ್ ಇದೇ ವೇಂಬನಾಡಿನಲ್ಲಿ ಮುಳುಗಿ 29 ಜನ ಸತ್ತರು. ನಿಂತಂತೆ ಕಾಣುವ ನೀರು ಅಂತ ಸದರ ಬೇಡ.

ಹಂತ 6: ನಡುವಿನ ತುಂಡು, ಇಲ್ಲಿ ಒಂದಿಡೀ ದಿನ ಇಡಿ

ಆಲಪ್ಪುಳ ಪಟ್ಟಣವನ್ನೇ ಮೊದಲು ನೋಡಿ, ಬೆಳಗ್ಗೆ ಒಂದು ಗಂಟೆ ಸಾಕು. ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ 18ನೇ ಶತಮಾನದಲ್ಲಿ ಬೆಳೆಸಿದ ಬಂದರು ಇದು. ಪಟ್ಟಣದ ನಡುವಿನ ಎರಡು ಸಮಾನಾಂತರ ಕಾಲುವೆಗಳು ಒಳನಾಡಿನ ಸರಕನ್ನು ಕಡಲಿಗೆ ಮುಟ್ಟಿಸುತ್ತಿದ್ದವು. ಕಾಲುವೆ ಹಿಡಿದು ಕಡಲ ಕಡೆಗೆ ನಡೆದರೆ 1862ರ ದೀಪಸ್ತಂಭ ಸಿಗುತ್ತದೆ, ಕಡಲೊಳಗೆ ಹಳೆಯ ಹಡಗುಕಟ್ಟೆಯ ಕಂಬಗಳು ಉಳಿದಿವೆ. 1859ರಲ್ಲಿ ಜೇಮ್ಸ್ ಡ್ಯಾರಾ ಇಲ್ಲಿ ತೆಂಗಿನ ನಾರಿನ ಕಾರ್ಖಾನೆ ತೆರೆದ ಮೇಲೆ ಊರು ಹುರಿ-ಚಾಪೆಗೆ ಹೆಸರಾಯಿತು.

ಜೆಟ್ಟಿಯಿಂದ ಶಿಕಾರ ಹತ್ತಿದರೆ ಮೊದಲು ಪುನ್ನಮಡ. 1952ರಲ್ಲಿ ನೆಹರು ಬಂದಾಗ ಅವರಿಗಾಗಿ ಚುಂಡನ್ ವಳ್ಳಂ, ಅಂದರೆ ಹಾವುದೋಣಿಗಳ ಸ್ಪರ್ಧೆ ಏರ್ಪಡಿಸಿದ್ದರು. ಗೆದ್ದ ನಡುಭಾಗಂ ದೋಣಿಗೆ ನೆಹರು ಹುಮ್ಮಸ್ಸಿನಲ್ಲಿ ಹಾರಿ ಹತ್ತಿದರು, ದೆಹಲಿಗೆ ಮರಳಿ ಬೆಳ್ಳಿಯ ಟ್ರೋಫಿ ಕಳಿಸಿದರು. ಸ್ಪರ್ಧೆಯ ದಿನವಲ್ಲದಿದ್ದರೆ ಇಲ್ಲಿ ನಿಲ್ಲುವಂಥದ್ದೇನಿಲ್ಲ, ಮುಂದೆ ಸಾಗಿ.

ಕೈನಕರಿಯಲ್ಲಿ ಇಳಿಯಿರಿ. 1805ರಲ್ಲಿ ಇಲ್ಲಿ ಹುಟ್ಟಿದ ಕುರಿಯಾಕೋಸ್ ಏಲಿಯಾಸ್ ಚಾವರ ಅವರನ್ನು 2014ರಲ್ಲಿ ಸಂತರೆಂದು ಘೋಷಿಸಲಾಯಿತು. ಅವರ ಮನೆಯನ್ನು ಉಳಿಸಿಕೊಂಡಿದ್ದಾರೆ, ತಗ್ಗು ಬಾಗಿಲು, ಮರದ ಗೋಡೆ. ಮಲೆನಾಡಿನ ಹಳೆ ಮನೆ ನೋಡಿದವರಿಗೆ ಒಳಗೆ ಕಾಲಿಡುತ್ತಲೇ ಗುರುತು ಸಿಗುತ್ತದೆ.

ಇನ್ನು ಕಾಯಲ್ ಗದ್ದೆಗಳು, ಅಂದರೆ ಹಿನ್ನೀರಿನೊಳಗಿನ ಗದ್ದೆಗಳು. ನನ್ನ ಮಟ್ಟಿಗೆ ಇಡೀ ಯಾನದ ತಿರುಳು ಇವೇ. ಬೋಟ್ ಸಾಗುವಾಗ ದಡದ ಆಚೆ ನೋಡಿ: ಗದ್ದೆ ನಿಮ್ಮ ಕಾಲಿಗಿಂತ ಕೆಳಗಿದೆ. ಸರೋವರದೊಳಗೆ ತೆಂಗಿನ ಕಂಬ ನೆಟ್ಟು, ಬಿದಿರು ಹೆಣೆದು, ಮರಳು-ಕೆಸರು ತುಂಬಿ ಒಡ್ಡು ಕಟ್ಟಿ, ಒಳಗಿನ ನೀರು ಬಸಿದು ಮಾಡಿದ ನೆಲ. ಒಂದು ಒಡ್ಡಿನೊಳಗಿನ ಗದ್ದೆಗಳ ಗುಂಪಿಗೆ ಪಾಡಶೇಖರಂ ಎನ್ನುತ್ತಾರೆ. 1940ರ ದಶಕದಲ್ಲಿ ಮುರಿಕ್ಕನ್ ಜೋಸೆಫ್ ಎಂಬ ಜಮೀನ್ದಾರ ಹೀಗೆ ಎತ್ತಿದ ಮೂರು ಗದ್ದೆಗಳಿಗೆ ರಾಜಮನೆತನದ ಹೆಸರಿಟ್ಟು ಚಿತ್ತಿರ, ಮಾರ್ತಾಂಡಂ, ರಾಣಿ ಎಂದು ಕರೆದ. ಒಡ್ಡಿಗೆ ಮೈಮುರಿದು ಕೆಸರು ಹೊತ್ತವರು ಪುಲಯರು ಮುಂತಾದ ಕೂಲಿ ಜಾತಿಗಳವರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯವನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಡ್ಡಿನ ಮೇಲೆ ಸಣ್ಣ ಶೆಡ್ ಕಂಡರೆ ಬೋಟ್ ನಿಲ್ಲಿಸಲು ಹೇಳಿ. ಒಳಗೆ ‘ಪೆಟ್ಟಿಯೂ ಪರಯೂ’ ಇರುತ್ತದೆ: ನಿಂತಿರುವ ಮರದ ಪೀಪಾಯಿ, ಅದಕ್ಕೆ ಅಡ್ಡಲಾಗಿ ಸೇರಿಸಿದ ಉದ್ದ ಮರದ ಪೆಟ್ಟಿಗೆ. ಮೋಟಾರು ಪೀಪಾಯಿಯೊಳಗಿನ ರೆಕ್ಕೆ ತಿರುಗಿಸಿದರೆ ಗದ್ದೆಯ ನೀರು ಮೇಲೇರಿ ಪೆಟ್ಟಿಗೆಯ ಬಾಯಿಂದ ಕಾಲುವೆಗೆ ದಬದಬ ಸುರಿಯುತ್ತದೆ. ಬ್ರಂಟನ್ ಎಂಬ ಬ್ರಿಟಿಷ್ ಎಂಜಿನಿಯರ್ ರೂಪಿಸಿದ ಪಂಪ್ ಇದು. ಅದಕ್ಕೂ ಮುಂಚೆ ಮರದ ಚಕ್ರಗಳನ್ನು ಸಾಲಾಗಿ ಕೂತ ಆಳುಗಳು ಕಾಲಿನಿಂದ ತುಳಿದು ನೀರು ಎತ್ತುತ್ತಿದ್ದರು. ಈ ಪಂಪ್ ನಿಂತರೆ ಊರು ನಿಂತಂತೆ. 2018ರ ಆಗಸ್ಟ್ ಪ್ರವಾಹದಲ್ಲಿ ಒಡ್ಡುಗಳು ಒಡೆದು ಕುಟ್ಟನಾಡು ಮುಳುಗಿದ್ದು ನೆನಪಿರಬಹುದು.

ಮಧ್ಯಾಹ್ನಕ್ಕೆ ಪಂಬಾ ನದಿ ಹಿಡಿದು ಚಂಬಕ್ಕುಳಂ. ಇಲ್ಲಿನ ಸೇಂಟ್ ಮೇರಿ ಚರ್ಚು ಕ್ರಿ.ಶ. 427ರದು ಎಂಬುದು ಪರಂಪರೆಯ ನಂಬಿಕೆ. ಈಗಿನ ಕಟ್ಟಡ ಅಷ್ಟು ಹಳೆಯದಲ್ಲ, ಆದರೂ ಒಳಗಿನ ಚಿತ್ರಗಳಿಗಾಗಿ ನೋಡಲೇಬೇಕು. ಜೆಟ್ಟಿ ಚರ್ಚಿನ ಎದುರೇ ಇದೆ.

ಕರುಮಾಡಿ ಮತ್ತು ಅಂಬಲಪ್ಪುಳ ಒಟ್ಟಿಗೆ ಬರುತ್ತವೆ, ಬೋಟ್ ಹೊಂದದಿದ್ದರೆ ಬಸ್ಸಿನಲ್ಲಿ ಹೋಗಿ. ಕರುಮಾಡಿ ಕಾಲುವೆಯ ದಡದಲ್ಲಿ ಕೂತಿರುವ ಕಪ್ಪು ಕಲ್ಲಿನ ಬುದ್ಧನನ್ನು ಊರವರು ಕರುಮಾಡಿಕ್ಕುಟ್ಟನ್ ಎಂದು ಮಗುವಿನ ಹಾಗೆ ಕರೆಯುತ್ತಾರೆ. ಎಡಭಾಗ ಇಲ್ಲ, ಆನೆ ಮುರಿಯಿತು ಅಂತ ಕಥೆ. ಮೂಲೆಗುಂಪಾಗಿದ್ದ ವಿಗ್ರಹಕ್ಕೆ ನೆಲೆ ಕಾಣಿಸಿದವರು ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ. ಕೊಚ್ಚಿಯ ವಿಲಿಂಗ್ಡನ್ ದ್ವೀಪವನ್ನು ಹೂಳೆತ್ತಿ ಕಟ್ಟಿದವರೂ ಇವರೇ. ನೀವು ಬಂದ ಐಲೆಂಡ್ ಎಕ್ಸ್‌ಪ್ರೆಸ್ ಮೊದಲು ಓಡುತ್ತಿದ್ದುದು ಆ ದ್ವೀಪದ ಟರ್ಮಿನಸ್ಸಿಗೆ, ಹೆಸರು ಬಂದದ್ದು ಹಾಗೆ.

ಅಂಬಲಪ್ಪುಳದ ಶ್ರೀಕೃಷ್ಣ ದೇವಸ್ಥಾನಕ್ಕೆ ಹಾಲು ಪಾಯಸದ ಖ್ಯಾತಿ. ಮಧ್ಯಾಹ್ನ ಪೂಜೆಯ ನಂತರ ಸಿಗುತ್ತದೆ, ಆಮೇಲೆ ಬಾಗಿಲು ಮುಚ್ಚಿದರೆ ಸಂಜೆಯೇ. ಗಂಡಸರು ಅಂಗಿ ಬಿಚ್ಚಿ ಪಂಚೆಯಲ್ಲಿ ಹೋಗಬೇಕು. ಕವಿ ಕುಂಚನ್ ನಂಬಿಯಾರ್ ತುಳ್ಳಲ್ ಎಂಬ ಹಾಡು-ಕುಣಿತದ ಕಲೆಯನ್ನು ಕಟ್ಟಿದ್ದು ಈ ಅಂಗಳದಲ್ಲಿ ಎನ್ನುತ್ತಾರೆ. ನಮಗೂ ಒಂದು ನಂಟಿದೆ: 1789ರಲ್ಲಿ ಟಿಪ್ಪುವಿನ ದಂಡು ಮಲಬಾರಿಗೆ ಇಳಿದಾಗ ಗುರುವಾಯೂರಿನ ಮೂರ್ತಿಯನ್ನು ಇಲ್ಲಿಗೆ ತಂದು ಇಟ್ಟಿದ್ದರಂತೆ, ಆ ನೆನಪಿನ ಗುಡಿ ಈಗಲೂ ಒಳಗಿದೆ.

ಹಂತ 7: ಉತ್ತರದ ತುಂಡು, ಅರ್ಧ ದಿನ

ಬೆಳಗ್ಗೆ ಬೇಗ ಕುಮರಕಂ ಪಕ್ಷಿಧಾಮಕ್ಕೆ ಹೋಗಿ, ಬಿಸಿಲೇರಿದ ಮೇಲೆ ಹಕ್ಕಿ ಕಾಣುವುದು ಕಷ್ಟ. ಇದು ಮೊದಲು ಬೇಕರ್ ಎಂಬ ಇಂಗ್ಲಿಷ್ ಕುಟುಂಬದ ತೋಟ. ಅಲ್ಲಿಂದ ಮುಹಮ್ಮಕ್ಕೆ ಸರ್ಕಾರಿ ಬೋಟ್ ಇದೆ, ಸರೋವರ ಅಡ್ಡ ದಾಟುವಾಗ ಪಾದಿರಾಮಣಲ್ ದ್ವೀಪ ಕಾಣುತ್ತದೆ. ದ್ವೀಪದಲ್ಲಿ ಇಳಿಯಬೇಕೆಂದರೆ ಮುಹಮ್ಮದಿಂದ ಸಣ್ಣ ದೋಣಿ ಮಾಡಿ. ಜನವಸತಿ ಇಲ್ಲ, ಕಾಡು ಮತ್ತು ಹಕ್ಕಿ ಮಾತ್ರ, ನೀರಿನ ಬಾಟಲಿ ನೀವೇ ಒಯ್ಯಬೇಕು.

ವೈಕಂ ಬಿಡಬೇಡಿ. ಆಲಪ್ಪುಳ ಕಡೆಯಿಂದ ಬಂದರೆ ತವಣಕ್ಕಡವಿನಲ್ಲಿ ಫೆರಿ ಹತ್ತಬೇಕು. 2017ರಲ್ಲಿ ಇಲ್ಲಿ ಇಳಿದ ‘ಆದಿತ್ಯ’ ದೇಶದ ಮೊದಲ ಸೌರ ಫೆರಿ, 75 ಸೀಟು. ಎಂಜಿನ್ನಿನ ಗದ್ದಲವೂ ಡೀಸೆಲ್ ವಾಸನೆಯೂ ಇಲ್ಲದ ಬೋಟ್ ಹೇಗಿರುತ್ತದೆ ಅನ್ನುವುದು ಹತ್ತಿದ ಮೇಲೆಯೇ ಗೊತ್ತಾಗುವುದು. ಆಚೆ ದಡದ ಹಳೆ ಜೆಟ್ಟಿಗೆ 1925ರ ಮಾರ್ಚ್‌ನಲ್ಲಿ ಗಾಂಧೀಜಿ ಬಂದಿಳಿದರು. ಮಹಾದೇವ ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ಕೆಳಜಾತಿಯವರು ನಡೆಯುವ ಹಕ್ಕಿಗಾಗಿ 1924ರ ಮಾರ್ಚ್ 30ರಂದು ಆರಂಭವಾದ ಸತ್ಯಾಗ್ರಹ ಆಗ ಒಂದು ವರ್ಷದ ಹತ್ತಿರ ಬಂದಿತ್ತು. ತಮಿಳು ನಾಯಕ ಪೆರಿಯಾರ್ ಇಲ್ಲಿ ಜೈಲಿಗೆ ಹೋದರು, ಅವರ ಸ್ಮಾರಕವಿದೆ. 1925ರ ನವೆಂಬರ್‌ನಲ್ಲಿ ಚಳವಳಿ ನಿಂತಾಗ ತೆರೆದದ್ದು ಮೂರು ಬದಿಯ ರಸ್ತೆಗಳು ಮಾತ್ರ, ಪೂರ್ವದ್ದು ಹಾಗೇ ಉಳಿಯಿತು. ದೇವಸ್ಥಾನದ ಸುತ್ತ ಒಂದು ಪ್ರದಕ್ಷಿಣೆ ರಸ್ತೆಯಲ್ಲೇ ಹಾಕಿ, ಆ ದಾರಿಯಲ್ಲಿ ಹೆಜ್ಜೆ ಇಡುವುದಕ್ಕೇ ಜನ ಜೈಲು ಸೇರಿದ್ದರು ಅನ್ನುವುದು ನಡೆಯುವಾಗ ಹೊಳೆಯುತ್ತದೆ.

ಹಂತ 8: ದಕ್ಷಿಣಕ್ಕೆ, ಕೊಲ್ಲಂವರೆಗೆ

ಆಲಪ್ಪುಳದಿಂದ ಕೊಲ್ಲಂಗೆ ಎಂಟು ಗಂಟೆಯ ಸರ್ಕಾರಿ ಪ್ರವಾಸಿ ಬೋಟ್ ಬಹುಕಾಲದಿಂದ ಹೆಸರಾಗಿದೆ, ಬೆಳಗ್ಗೆ ಹತ್ತೂವರೆಗೆ ಹೊರಡುವುದು ರೂಢಿ. ಆದರೆ ಕಾಲುವೆ ದುರಸ್ತಿ, ಸೇತುವೆ ಕೆಲಸ ಅಂತ ಆಗಾಗ ನಿಲ್ಲುತ್ತದೆ, ಹಿಂದಿನ ದಿನ ಜೆಟ್ಟಿಯಲ್ಲೇ ವಿಚಾರಿಸಿ. ಇಲ್ಲವಾದರೆ ಇದೇ ಜಾಗಗಳನ್ನು ಕರಾವಳಿ ಹೆದ್ದಾರಿಯ ಬಸ್ಸು ಹಿಡಿದು ಬಿಡಿಬಿಡಿಯಾಗಿ ಮಾಡಬಹುದು.

ತೋಟ್ಟಪ್ಪಳ್ಳಿಯಲ್ಲಿ 40 ಬಾಗಿಲಿನ ಸ್ಪಿಲ್‌ವೇ, 1955ರದು. ಪಂಬಾ, ಮಣಿಮಲ, ಅಚ್ಚನ್‌ಕೋವಿಲ್ ನದಿಗಳ ನೆರೆ ನೀರನ್ನು ಕುಟ್ಟನಾಡಿಗೆ ಹೋಗುವ ಮುಂಚೆ ಕಡಲಿಗೆ ತಿರುಗಿಸಲು ಕಟ್ಟಿದ್ದು. ಸ್ವಲ್ಪ ಮುಂದೆ ಪಲ್ಲನ ಹೊಳೆ. 1924ರ ಜನವರಿ 16ರಂದು ಕೊಲ್ಲಂನಿಂದ ಬರುತ್ತಿದ್ದ ‘ರಿಡೀಮರ್’ ಬೋಟ್ ಇಲ್ಲಿ ಮಗುಚಿ ಕವಿ ಕುಮಾರನ್ ಆಶಾನ್ ತೀರಿಕೊಂಡರು. ಆ ದಡಕ್ಕೆ ಈಗ ಕುಮಾರಕೋಡಿ ಎಂದೇ ಹೆಸರು, ಸ್ಮಾರಕವಿದೆ. ನಾರಾಯಣ ಗುರುಗಳ ಶಿಷ್ಯ ಅವರು. ಗುರುಗಳು ಪ್ರತಿಷ್ಠೆ ಮಾಡಿದ ಮಂಗಳೂರಿನ ಕುದ್ರೋಳಿಯನ್ನು ಬಲ್ಲವರು ಇಲ್ಲಿ ಒಂದು ಗಳಿಗೆ ಇಳಿಯುತ್ತಾರೆ.

ಕಾಯಂಕುಳಂ ಸರೋವರ ದಾಟಿದ ಮೇಲೆ ಬಲಕ್ಕೆ ಆಲಪ್ಪಾಡ್. ಕಡಲಿಗೂ ಕಾಲುವೆಗೂ ನಡುವೆ ಒಂದು ಎಳೆ ನೆಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕೇರಳದಲ್ಲೇ ಹೆಚ್ಚು ಪೆಟ್ಟು ತಿಂದ ಊರು ಇದು. ಮಾತಾ ಅಮೃತಾನಂದಮಯಿ ಅವರ ಅಮೃತಪುರಿ ಆಶ್ರಮದ ಗುಲಾಬಿ ಕಟ್ಟಡಗಳು ತೆಂಗಿನ ತಲೆಗಳ ಮೇಲೆ ಕಾಣುವುದೂ ಇಲ್ಲಿಯೇ. ಮುಂದೆ ಚವರದಲ್ಲಿ ಮರಳು ಕಪ್ಪಗಿದೆ, ಇಲ್ಮನೈಟ್ ಮತ್ತು ಮೋನೊಜೈಟ್ ಖನಿಜಗಳ ಕಾರಣ.

ಆಮೇಲೆ ಅಷ್ಟಮುಡಿ ಸರೋವರ. ಕೊಲ್ಲಂನಲ್ಲಿ ಒಂದು ರಾತ್ರಿ ಉಳಿದು ಮರುದಿನ ಬೆಳಗ್ಗೆ ಮನ್ರೋ ತುರುತ್ತಿಗೆ (ಮನ್ರೋ ದ್ವೀಪಕ್ಕೆ) ಹೋಗಿ ಗಳುವಿನ ದೋಣಿ ಮಾಡಿ, ಸೇತುವೆಗಳ ಕೆಳಗೆ ತಲೆ ಬಗ್ಗಿಸಿ ಹೋಗುವಷ್ಟು ಕಿರಿದಾದ ತೋಡುಗಳು. ತಿರುವಾಂಕೂರಿನ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ ಆಗಿದ್ದ ಕರ್ನಲ್ ಜಾನ್ ಮನ್ರೋ ಹೆಸರು ಅದಕ್ಕೆ. ಹತ್ತಿರದ ಪೆರುಮಣ್ ಸೇತುವೆಯಿಂದಲೇ 1988ರ ಜುಲೈ 8ರಂದು ಬೆಂಗಳೂರಿನಿಂದ ಹೊರಟಿದ್ದ ಐಲೆಂಡ್ ಎಕ್ಸ್‌ಪ್ರೆಸ್ಸಿನ ಬೋಗಿಗಳು ಅಷ್ಟಮುಡಿಗೆ ಬಿದ್ದವು, 105 ಜನ ಸತ್ತರು. ದಡದಲ್ಲಿ ಸ್ಮಾರಕವಿದೆ. ಹೊತ್ತಿದ್ದರೆ ತಂಗಶ್ಶೇರಿಯ 1902ರ ದೀಪಸ್ತಂಭ, ಪಕ್ಕದಲ್ಲೇ ಪೋರ್ಚುಗೀಸ್ ಕೋಟೆಯ ಅಳಿದುಳಿದ ಗೋಡೆ.

ಕೊಲ್ಲಂ ಜೆಟ್ಟಿಯ ಪಕ್ಕದಲ್ಲೇ ಬಸ್ ನಿಲ್ದಾಣ, ರೈಲು ನಿಲ್ದಾಣಕ್ಕೆ ಆಟೋ ಸಾಕು. ಬೆಂಗಳೂರಿನ ಐಲೆಂಡ್ ಎಕ್ಸ್‌ಪ್ರೆಸ್ ಇಲ್ಲಿ ಹಗಲು ಹೊತ್ತಿನಲ್ಲೇ ದಾಟಿಹೋಗುತ್ತದೆ, ಹಾಗಾಗಿ ಬೋಟಿನಿಂದ ಇಳಿದ ಸಂಜೆಯೇ ಹಿಡಿಯುವ ಲೆಕ್ಕ ಹಾಕಬೇಡಿ. ಮಂಗಳೂರಿನ ಮಾವೇಲಿ ರಾತ್ರಿ ಬರುತ್ತದೆ, ಮನ್ರೋ ತುರುತ್ತು ನೋಡಿ ಊಟ ಮುಗಿಸಿ ಹತ್ತಲು ಹೊತ್ತು ಧಾರಾಳ ಸಿಗುತ್ತದೆ.